ಪತಿಯವರನ್ನು ಬೆನ್ನ ಹಿಂದಿನಿಂದ ಪಕ್ಕಕ್ಕೆ ವರ್ಗಾಯಿಸುವ ಕುರಿತು

ಇಂದ,
ನಿಮ್ಮ ಹೆಂಡತಿ,
ಮುಖ್ಯ ಗುಮಾಸ್ತೆ, ನೀರು ಸರಬರಾಜು ಕಛೇರಿ
(ಮನೆಯಲ್ಲಿ: ಸಕ್ಕರೆ ಕಾಯಿಲೆಯ ಏಕೈಕ ಆರೋಪಿ)

ಗೆ,
ನನ್ನ ಯಜಮಾನರಾದ ನಿವೃತ್ತ ಡ್ರಿಲ್ ಮೇಷ್ಟ್ರು,
ಸೋಫಾದ ಬಲತುದಿ.

ವಿಷಯ: ವಾಕಿಂಗ್ ವೇಳೆ ನನ್ನ ಹಿಂದೆ ಬರುವ ತಮ್ಮನ್ನು ಪಕ್ಕಕ್ಕೆ ವರ್ಗಾಯಿಸುವ ಬಗ್ಗೆ.
ಉಲ್ಲೇಖ: ನಿನ್ನೆ ನಡುಬೀದಿಯಲ್ಲಿ ತಾವು ಊದಿದ ಸೀಟಿ.

ಮಾನ್ಯರೇ,

ತಲೆ ಚಿಟ್ಟು ಹಿಡಿದಿರುವ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ನನಗೆ ಸಕ್ಕರೆ ಕಾಯಿಲೆ ಬಂದದ್ದು ನಿಜ. ಅಂದಿನಿಂದ ಮನೆ ಶಾಲೆಯ ಮೈದಾನವಾಗಿದೆ. ನಿನ್ನೆ ದರ್ಜಿಯವಳನ್ನು ಮಾತಾಡಿಸಲು ನಾನು ನಿಂತ ಕಾರಣ ತಾವು ಸೀಟಿ ಊದಿದಿರಿ. ಆ ಸೀಟಿಗೆ ಬಸ್ಸೇ ನಿಂತಿತು. ಡ್ರೈವರ್ ನನ್ನನ್ನು ದುರುಗುಟ್ಟಿ ನೋಡಿದ. ಭೂಮಿ ಬಾಯಿಬಿಡಬಾರದೇ ಅನಿಸಿತು.

೨. ನಮ್ಮ ಕಛೇರಿಯ ವಾಚ್‌ಮನ್ ತಮ್ಮ ಹಳೆಯ ಶಿಷ್ಯನಾದ ಕಾರಣ, "ಸಾರ್, ಮೇಡಂ ಕೇಕ್ ಹತ್ರ ನಿಂತಿದ್ದಾರೆ" ಎಂದು ತಮಗೆ ಫೋನ್ ಮಾಡುತ್ತಾನೆ. ಆದ್ದರಿಂದ ಸಾಹೇಬರ ಬೀಳ್ಕೊಡುಗೆಯ ಕೇಕನ್ನು ಬಚ್ಚಲಲ್ಲಿ ನಿಂತು ಗಬಗಬನೆ ನುಂಗಿದೆ. ರುಚಿಯೇ ತಿಳಿಯಲಿಲ್ಲ. ಥೂ, ಈ ವಯಸ್ಸಿನಲ್ಲಿ ಕದ್ದು ತಿನ್ನುವ ಗತಿ!

೩. ತಮ್ಮ ಬೈಗುಳಕ್ಕೆ ಹೆದರಿ ರಕ್ತಪರೀಕ್ಷೆಗೆ ಹೋಗುವುದನ್ನೇ ಬಿಟ್ಟಿದ್ದೇನೆ. ಈಚೆಗೆ ಪಾದ ಜೋಮು ಹಿಡಿಯುತ್ತಿದೆ. ಅದನ್ನೂ ತಮಗೆ ಹೇಳಿಲ್ಲ.

೪. ಇಂದು ಆಸ್ಪತ್ರೆಯ ಆಪ್ತಸಮಾಲೋಚಕಿಯ ಮುಂದೆ ಕೂತು ಗೊಳೋ ಎಂದು ಅತ್ತೆ. "ಬೈದ್ರೆ ಶುಗರ್ ಇಳಿಯಲ್ಲಮ್ಮ, ಮುಚ್ಚಿಡೋದು ಕಲೀತೀರ ಅಷ್ಟೆ. ಜೊತೆಗೆ ನಡೀರಿ, ಜೊತೆಗೆ ತಿನ್ನಿ. ಅವರು ಯಾಕೆ ಹೀಗಾಡ್ತಾರೆ, ಕೇಳಿದ್ರಾ?" ಎಂದರು. ಕೇಳುವ ಅಗತ್ಯವಿರಲಿಲ್ಲ. ಅತ್ತೆಯವರ ಕಾಲು ತೆಗೆದದ್ದು ಇದೇ ಕಾಯಿಲೆಗೆ. ಮೊನ್ನೆ ಚಪ್ಪಲಿ ಅಂಗಡಿಯಲ್ಲಿ ತಾವು, "ಮೆತ್ತಗಿರೋದು ಕೊಡಪ್ಪ, ಇವಳ ಕಾಲಿಗೇನಾದ್ರೂ ಆದ್ರೆ ನಾನು ಯಾರ ಜೊತೆ ನಡೀಲಿ?" ಎಂದು ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿದ್ದಿದೆ. ಅಯ್ಯೋ ಮಹಾರಾಯರೇ, ಅದನ್ನು ನನಗೇ ಹೇಳಬಾರದಿತ್ತೇ?

ಆದ್ದರಿಂದ, ಹಿಂದಿನಿಂದ ನನ್ನ ಬೆನ್ನು ಬಿಟ್ಟು ಬೇರೇನೂ ಕಾಣದ ಕಾರಣ, ತಾವು ಈ ಕೂಡಲೇ ನನ್ನ ಪಕ್ಕದಲ್ಲಿ ಕರ್ತವ್ಯಕ್ಕೆ ಹಾಜರಾಗತಕ್ಕದ್ದು. ಸೀಟಿಯನ್ನು ಬೀರುವಿಗೆ ಜಮಾ ಮಾಡತಕ್ಕದ್ದು. ಇನ್ನು ಮುಂದೆ ಕೇಕ್ ತಿನ್ನುವ ಪ್ರಸಂಗ ಬಂದಲ್ಲಿ ಮೇಜಿನ ಮುಂದೆ ಕೂತು, ಒಂದೇ ಚೂರನ್ನು ಇಬ್ಬರೂ ಹಂಚಿಕೊಂಡು, ನಿಧಾನವಾಗಿ ತಿನ್ನತಕ್ಕದ್ದು.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆಗಿ ಉಳಿದಿರುವ,
ಹೆಂಡತಿ

ಅಡಕಗಳು:
೧. ನಾಳಿನ ರಕ್ತಪರೀಕ್ಷೆಯ ಚೀಟಿ.
೨. ಪಾದ ಪರೀಕ್ಷೆಯ ಚೀಟಿ. (ಓದಿದ ಕೂಡಲೇ ಎದ್ದು ನಿಲ್ಲಬಾರದು.)

ವಿಶೇಷ ಸೂಚನೆ: ನಾಳೆ ಯಾವ ನಂಬರ್ ಬಂದರೂ ಬೈಯಬಾರದು. ಬೈಯದೇ ಇರಲು ಸಾಧ್ಯವೇ ಇಲ್ಲದಿದ್ದಲ್ಲಿ, ನನ್ನ ಕೈ ಹಿಡಿದುಕೊಂಡು ಬೈಯಬೇಕಾಗಿ ವಿನಂತಿ.