ಮಾಷ್ಟ್ರ ಮನೆಯ ಮರೋಟ್ಟಿ ಎಣ್ಣೆ

ಇನ್ನೊಬ್ಬರ ಮಾನ ಕಳೆಯುವುದರಲ್ಲಿ ನಾಯ್ಮಾರ್ಮೂಲೆಯ ಪುರುಷೋತ್ತಮ ಮಾಷ್ಟ್ರನ್ನು ಮೀರಿಸುವವರು ಕಾಸರಗೋಡು ತಾಲೂಕಿನಲ್ಲೇ ಇರಲಿಲ್ಲ. ಶಾಲೆಯಲ್ಲಿ ಹುಡುಗರನ್ನು ನಗಿಸಲಾಗದ ಈ ಮಹಾನುಭಾವರು ಊಟದ ಪಂಕ್ತಿಯಲ್ಲಿ ಕೂತರೆ ಸಾಕು, ಯಾರಾದರೊಬ್ಬನನ್ನು ಆರಿಸಿ, ಸಾರು ಬರುವಷ್ಟರಲ್ಲಿ ಅವನ ಸಿಪ್ಪೆ ಸುಲಿದು, ಪಾಯಸ ಬರುವಷ್ಟರಲ್ಲಿ ಎಲೆಯ ತುದಿಗೆ ಬಿಸಾಡುತ್ತಿದ್ದರು. ಜನ ನಗುತ್ತಿದ್ದರು. ತಮ್ಮ ಸರದಿ ಅಲ್ಲವಲ್ಲ ಎಂಬ ಸಮಾಧಾನದ ನಗು ಅದು.

ಒಮ್ಮೆ ಆ ಸರದಿ ಪುತ್ತಿಗೆಯ ಹರಿನಾಥರಾಯರಿಗೆ ಬಂದಿತ್ತು. ರಾಯರು ಪಾಪದ ಮನುಷ್ಯ, ನಾಯಿಗಳೆಂದರೆ ಪ್ರಾಣ. ತಮ್ಮ ನಾಯಿಗೆ ಹುಳುಕಡ್ಡಿ ಹತ್ತಿ ಬೆನ್ನಿನ ಕೂದಲು ಉದುರಿತೆಂದು ಅದನ್ನು ಎತ್ತಿನ ಗಾಡಿಯಲ್ಲಿ ಕೂರಿಸಿ ಕಾಸರಗೋಡಿನ ಮೃಗವೈದ್ಯರಲ್ಲಿಗೆ ಒಯ್ದಿದ್ದರು. ಅದು ಗುಣವಾದ ಸಂತೋಷದಲ್ಲಿ ಪಂಕ್ತಿಯಲ್ಲೇ ಚಿಕಿತ್ಸೆಯನ್ನು ವಿವರಿಸಿದರು: ಸುತ್ತಲ ಕೂದಲು ಕತ್ತರಿಸಬೇಕು, ಬೇವಿನ ಕಷಾಯದಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಬೇಕು, ಮರೋಟ್ಟಿ ಕಾಯಿಯ ಎಣ್ಣೆಯಲ್ಲಿ ಗಂಧಕ ಕಲಸಿ ಹಚ್ಚಬೇಕು, ಅದು ಮಲಗುವ ಗೋಣಿಯನ್ನು ಸುಟ್ಟುಬಿಡಬೇಕು.

"ಗಾಡಿಯಲ್ಲಿ ನಾಯಿ, ಗಾಡಿಯ ಹಿಂದೆ ನಡ್ಕೊಂಡು ರಾಯರು!" ಎಂದರು ಮಾಷ್ಟ್ರು. "ಯಾರು ಯಾರನ್ನು ಸಾಕಿದ್ದು ಮಾರಾಯ್ರೆ?"

ಇಡೀ ಪಂಕ್ತಿ ಅನ್ನ ನೆತ್ತಿಗೇರುವಷ್ಟು ನಕ್ಕಿತು. ರಾಯರೂ ನಕ್ಕರು. (ಬಡಿಸಿದ ಎಲೆಯ ಮುಂದೆ ಕೂತು ಅಳಲಿಕ್ಕಾಗುತ್ತದೆಯೇ?) ಅಂದಿನಿಂದ ಊರಿನಲ್ಲಿ ಯಾರೇ ನಾಯಿಗೆ ಮದ್ದು ಮಾಡಿದರೂ ಮಾಷ್ಟ್ರ ಆ ಮಾತು ಅವರ ಬೆನ್ನಿಗೆ ಬೀಳುತ್ತಿತ್ತು.

ದೇವರು ದೊಡ್ಡವನು, ಅವನ ನೆನಪಿನ ಶಕ್ತಿಯಂತೂ ಇನ್ನೂ ದೊಡ್ಡದು. ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಮಾಷ್ಟ್ರ ಮಗಳು ಸೌದಾಮಿನಿಗೆ ಒಂದು ಸಂಬಂಧ ಕೂಡಿಬಂತು. ಹುಡುಗ ಉದಯಶಂಕರ, ಕೋರ್ಟಿನಲ್ಲಿ ಗುಮಾಸ್ತ. ಸಾಕ್ಷಾತ್ ಹರಿನಾಥರಾಯರ ಸೋದರಳಿಯ, ಅವರ ಮನೆಯಲ್ಲೇ ಬೆಳೆದವನು. ಜಾತಕ ಚೆನ್ನಾಗಿ ಕೂಡಿತ್ತು. ಹಿಂದೆ ಬಂದ ಸಂಬಂಧಗಳೆಲ್ಲ ಮಾಷ್ಟ್ರ ನಾಲಿಗೆಗೆ ಹೆದರಿ ಓಡಿದ್ದವು. ಹುಡುಗಿಗೆ ವಯಸ್ಸು ಮೀರುತ್ತಿತ್ತು. ಉದಯಶಂಕರನನ್ನು ಅವಳು ದೂರದಿಂದ ಒಮ್ಮೆ ನೋಡಿದ್ದಳು. ಅವನ ಹೆಸರು ಬಂದಾಗಲೆಲ್ಲ ಸರಿಯಾಗಿಯೇ ಇದ್ದ ಸೆರಗನ್ನು ಮತ್ತೊಮ್ಮೆ ಸರಿಮಾಡಿಕೊಳ್ಳುತ್ತಿದ್ದಳು.

ಸರಿಯಾಗಿ ಆಗಲೇ ಮಾಷ್ಟ್ರ ನಾಯಿ ಕೈಸರನಿಗೆ ಹುಳುಕಡ್ಡಿಯಾಯಿತು. ವರ್ಗವಾಗಿ ಹೋಗುವಾಗ ಒಬ್ಬ ತಹಶೀಲ್ದಾರರು ಬಿಟ್ಟುಹೋದ ನಾಯಿ ಅದು. ಮನೆಯಲ್ಲಿ ಮಾಷ್ಟ್ರ ಮಾತನ್ನು ಕೊನೆಯವರೆಗೆ ಕೇಳುವ ಪ್ರಾಣಿ ಎಂದರೆ ಅದೊಂದೇ. ಅದರ ಬೆನ್ನಿನ ಮೇಲೆ ರೂಪಾಯಿಯಗಲದ ಬೋಳು ವೃತ್ತಗಳೆದ್ದವು.

"ಹೆಣ್ಣು ನೋಡ್ಲಿಕ್ಕೆ ಬರುವವರು ಮೊದಲು ನೋಡುದು ಜಗಲಿಯನ್ನು," ಎಂದರು ಹೆಂಡತಿ ವೆಂಕಟಲಕ್ಷ್ಮಿ. "ಅಲ್ಲಿ ನೀವು ಕೂತಿರ್ತೀರಿ, ಅದೇ ಒಂದು ಕಷ್ಟ. ಬದಿಯಲ್ಲಿ ಈ ಕಜ್ಜಿನಾಯಿಯೂ ಬೇಕಾ? ಅದಕ್ಕೆ ಕೂದಲು ಬರಿಸಿ, ಇಲ್ಲದಿದ್ರೆ ಇಬ್ಬರೂ ದನದ ಹಟ್ಟಿಗೆ ಹೋಗಿ."

"ನಾಯಿಯನ್ನು ಕಾಸರಗೋಡಿಗೆ ಒಯ್ಯಲಿಕ್ಕೆ ನನ್ನಿಂದಾಗದು. ನಾಲ್ಕು ಜನ ನೋಡಿದ್ರೆ ಎಂತ ಹೇಳಿಯಾರು?"

"ನೀವು ರಾಯರಿಗೆ ಹೇಳಿದ್ದನ್ನೇ ಹೇಳಿಯಾರು."

ಬಾಣ ನಾಟಿತು. ಆದರೆ ಮಾಷ್ಟ್ರಿಗೆ ಉಪಾಯ ಹೊಳೆಯಿತು. ಮೃಗವೈದ್ಯರೇಕೆ? ಅವರ ಮದ್ದಿನ ವಿಧಾನವೆಲ್ಲ ರಾಯರ ಬಾಯಿಯಿಂದಲೇ ಬಂದು ಕಿವಿಯಲ್ಲಿ ಕೂತಿದೆಯಲ್ಲ!

ಪೇಟೆಯಲ್ಲಿ ಕಿಟ್ಟಣ್ಣನ ಮದ್ದಿನ ಅಂಗಡಿ. ಮಾಷ್ಟ್ರು ಹೋದಾಗ ಬೆಂಚಿನ ಮೇಲೆ ಪುತ್ತಿಗೆಯ ಇಬ್ಬರು ಕೂತಿದ್ದರು.

"ಗಂಧಕ ಸ್ವಲ್ಪ, ಮರೋಟ್ಟಿ ಎಣ್ಣೆ ಒಂದು ಕುಪ್ಪಿ."

ಕಿಟ್ಟಣ್ಣನ ಕೈ ಗಾಳಿಯಲ್ಲೇ ನಿಂತಿತು. ಮರೋಟ್ಟಿ ಎಣ್ಣೆ ಮಹಾರೋಗದ ಮದ್ದು ಎಂಬುದು ಆ ಕಾಲದಲ್ಲಿ ಕೂಸಿಗೂ ಗೊತ್ತು. ಕುಷ್ಠ ಎಂಬ ಪದವನ್ನು ಉಚ್ಚರಿಸಲೂ ಹೆದರುತ್ತಿದ್ದ ಜನ 'ಆ ಎಣ್ಣೆ' ಎಂದು ಹೇಳಿ ಮುಗಿಸುತ್ತಿದ್ದರು.

"ದೀಪಕ್ಕಾ ಮಾಷ್ಟ್ರೇ?" ಕಿಟ್ಟಣ್ಣ ಆಸೆಯಿಂದ ಕೇಳಿದ.

"ಅಲ್ಲ ಮಾರಾಯ, ಮೈಗೆ ಹಚ್ಚಲಿಕ್ಕೆ."

"ಯಾರಿಗೆ?"

'ನಾಯಿಗೆ' ಎಂಬ ಮಾತು ಮಾಷ್ಟ್ರ ಗಂಟಲವರೆಗೆ ಬಂತು. ಬೆಂಚಿನ ಮೇಲಿದ್ದವರ ಮುಖ ನೋಡಿ ಹಿಂದಕ್ಕೆ ಇಳಿಯಿತು. ನಾಳೆಯೇ ಪುತ್ತಿಗೆಗೆ ಸುದ್ದಿ ಹೋಗುತ್ತದೆ, ರಾಯರು ಹೊಟ್ಟೆ ಹಿಡಿದು ನಗುತ್ತಾರೆ. ಅದೊಂದು ಆಗಕೂಡದು.

"ಮನೆಯಲ್ಲೇ ಒಬ್ಬರಿಗೆ," ಎಂದರು ದನಿ ತಗ್ಗಿಸಿ. "ಹೊರಗೆ ಹೇಳುವಂಥದ್ದಲ್ಲ."

"ಅಯ್ಯೋ ದೇವರೇ! ಇಲ್ಲ ಮಾಷ್ಟ್ರೇ, ನಾನು ಯಾರಿಗೂ ಹೇಳುದಿಲ್ಲ," ಎಂದ ಕಿಟ್ಟಣ್ಣ. ದುಡ್ಡನ್ನು ಕೈಗೆ ತೆಗೆದುಕೊಳ್ಳದೆ "ಅಲ್ಲೇ ಇಡಿ" ಎಂದ. ಅವನು ಮಾತಿಗೆ ತಪ್ಪಲಿಲ್ಲ. ಗುಂಪಿನಲ್ಲಿ ಹೇಳಲೇ ಇಲ್ಲ. ಒಬ್ಬೊಬ್ಬರನ್ನೇ ಬದಿಗೆ ಕರೆದು ಹೇಳಿದ.

ಇತ್ತ ಹಿತ್ತಲಿನಲ್ಲಿ ಕೈಸರ್ ಮಹಾಪ್ರಭುಗಳ ಅಭ್ಯಂಗ ಶುರುವಾಯಿತು. ಮಾಷ್ಟ್ರು ಕತ್ತರಿ ಹಿಡಿದರು, ಕಷಾಯ ಎರೆದರು, ಗಂಧಕ ಕಲಸಿದ ಎಣ್ಣೆಯನ್ನು ಮೂಗು ಮುಚ್ಚಿಕೊಂಡು ತಿಕ್ಕಿದರು. ನಾಯಿ ಅದನ್ನು ನೆಕ್ಕದಂತೆ ಬಿಸಿಲಲ್ಲಿ ಅದರ ಕುತ್ತಿಗೆ ತಬ್ಬಿ ಕೂತು ವ್ಯಾಕರಣ ಹೇಳಿದರು. ಹೆಂಡತಿಯನ್ನು ಹೀಗೆ ಒಂದು ದಿನ ಆರೈಕೆ ಮಾಡಿದ್ದರೆ ಆ ಮನೆಯ ಕಥೆಯೇ ಬೇರೆಯಿರುತ್ತಿತ್ತು.

"ನನಗೆ ಚಳಿಜ್ವರ ಬಂದಾಗ ಒಂದು ಲೋಟ ಬಿಸಿನೀರು ಕೊಟ್ಟವರಲ್ಲ," ಎಂದರು ವೆಂಕಟಲಕ್ಷ್ಮಿ ಅಡುಗೆಮನೆಯ ಕಿಟಕಿಯಿಂದ.

"ನೀನು ಕೇಳಲಿಲ್ಲ."

"ಅದು ಕೇಳಿತಾ?"

ನಾಯಿಯ ವೃತ್ತಗಳು ಮಾಯುತ್ತ ಬಂದವು. ಅದನ್ನು ತಬ್ಬಿ ಕೂತ ಪುಣ್ಯಕ್ಕೆ ಮಾಷ್ಟ್ರ ಮುಂಗೈಯಲ್ಲಿ ಅಂಥದೇ ಒಂದು ವೃತ್ತ ಎದ್ದಿತು. ಹೆಂಡತಿ ಕಂಡರೆ ಹಟ್ಟಿಯೇ ಗತಿ ಎಂದು ಅವರು ಸುಡುಬೇಸಿಗೆಯಲ್ಲೂ ತುಂಬುತೋಳಿನ ಕರಿ ಮುಚ್ಚುಕೋಟು ಹಾಕಿಕೊಂಡು ತಿರುಗಿದರು.

ಅದೇ ಹೊತ್ತಿಗೆ ಊರಿನಲ್ಲೊಂದು ಆಶ್ಚರ್ಯ ನಡೆಯಿತು. ಬಸ್ಸಿನಲ್ಲಿ ಮಾಷ್ಟ್ರು ಕೂತರೆ ಪಕ್ಕದವನು ಎದ್ದು ಇಡೀ ಸೀಟು ಬಿಟ್ಟುಕೊಡುತ್ತಿದ್ದ. ಅವರ ಎಲೆಅಡಿಕೆ ಪೆಟ್ಟಿಗೆಯನ್ನು ಧರ್ಮಛತ್ರ ಮಾಡಿಕೊಂಡಿದ್ದವರು ಈಗ ಕೈಮುಗಿದು "ಬೇಡ ಮಾಷ್ಟ್ರೇ" ಎನ್ನತೊಡಗಿದರು. ದಾರಿಯಲ್ಲಿ ಎದುರಾದವರು ಗದ್ದೆಗಿಳಿದು ದಾರಿ ಕೊಟ್ಟರು. ಮದುವೆಯೊಂದರಲ್ಲಿ ಪಂಕ್ತಿಯ ತುದಿಯಲ್ಲಿ ಅವರಿಗೊಬ್ಬರಿಗೇ ಪ್ರತ್ಯೇಕ ಎಲೆ ಹಾಕಿದರು; ಅಂದು ಅವರು ಯಾರನ್ನು ಸುಲಿದರೂ ಯಾರೂ ನಗಲಿಲ್ಲ, ತಲೆ ತಗ್ಗಿಸಿ ಕೇಳಿದರು.

"ನೋಡಿದ್ಯಾ, ರಾಯರ ಮನೆಯ ಸಂಬಂಧ ಅಂತ ಗೊತ್ತಾದ ಮೇಲೆ ಊರಿಗೇ ಮರ್ಯಾದೆ ಬಂತು," ಎಂದು ಹೆಂಡತಿಯ ಮುಂದೆ ಬೀಗಿದರು.

ಹೆಣ್ಣು ನೋಡುವ ದಿನ ರಾಯರೂ ಹುಡುಗನೂ ಬಂದರು. ಜಗಲಿಯಲ್ಲಿ ಕೈಸರ್ ಎಣ್ಣೆ ಕುಡಿದ ಮೈಯನ್ನು ಮಿರಮಿರ ಮಿಂಚಿಸುತ್ತ ಕೂತಿತ್ತು. ಪಕ್ಕದಲ್ಲಿ ಮಾಷ್ಟ್ರು ಕೋಟಿನೊಳಗೆ ಬೇಯುತ್ತಿದ್ದರು. ಸೌದಾಮಿನಿ ಅವಲಕ್ಕಿ ತಂದಳು. ಈಗಷ್ಟೇ ಊಟವಾಯಿತು ಎಂದರು. ಕಾಫಿ ತಂದಳು, ಪಿತ್ತ ಎಂದರು. ನೀರು ಸಹ ಮುಟ್ಟಲಿಲ್ಲ. ಕೊನೆಗೆ ಒತ್ತಾಯಕ್ಕೆ ಎಳನೀರಿನ ಬೊಂಡ ಕುಡಿದರು, ಅದೂ ತಮ್ಮ ಕತ್ತಿಯಲ್ಲಿ ತಾವೇ ಕೆತ್ತಿಕೊಂಡು. ಉದಯಶಂಕರ ಮಾತ್ರ ಅವಲಕ್ಕಿಯ ತಟ್ಟೆಯತ್ತ ಒಮ್ಮೆ ಕೈ ಚಾಚಿದ. ರಾಯರು ಕೆಮ್ಮಿದರು. ಹುಡುಗ ಕೈ ಹಿಂದೆಗೆದುಕೊಂಡು ಸೌದಾಮಿನಿಯನ್ನು ನೋಡಿದ. ಆ ನೋಟದಲ್ಲಿದ್ದದ್ದು ಕನಿಕರ ಎಂದು ಅವಳಿಗೆ ಅಂದು ಗೊತ್ತಾಗಲಿಲ್ಲ. ಒಳಗೆ ಹೋಗಿ ಸಂತೋಷಪಟ್ಟಳು.

ವಾರ ಕಳೆಯುವ ಮುಂಚೆ ರಾಯರು ಒಬ್ಬರೇ ಬಂದು ಅಂಗಳದಲ್ಲೇ ನಿಂತರು.

"ಜಾತಕ ಕೂಡುದಿಲ್ಲ ಅಂತಾಯ್ತು ಮಾಷ್ಟ್ರೇ."

"ಕೂಡಿದ ಜಾತಕ ಈಗ ಎಂತಕ್ಕೆ ಕೂಡುದಿಲ್ಲ?"

ವೆಂಕಟಲಕ್ಷ್ಮಿ ಹೊಸ್ತಿಲಿಗೆ ಬಂದರು. "ಬಿಡಿಸಿ ಹೇಳಿ ರಾಯರೇ. ನಮ್ಮ ಹುಡುಗಿಯಲ್ಲಿ ಎಂತಾದ್ರೂ ಕುಂದು ಉಂಟಾ?"

"ಛೆ ಛೆ, ಚಿನ್ನದಂಥ ಹುಡುಗಿ. ಆದ್ರೆ ಮನೆಯಲ್ಲಿ ಒಬ್ಬರಿಗೆ ಆ ಎಣ್ಣೆ ಹಚ್ಚುದು ಊರಿಗೇ ಗೊತ್ತುಂಟು. ಯಾರಿಗೆ ಅಂತ ನಾನು ಕೇಳುದಿಲ್ಲ. ದೇವರು ಗುಣ ಮಾಡ್ಲಿ."

ಮಾಷ್ಟ್ರ ತಲೆಯಲ್ಲಿ ಬಸ್ಸಿನ ಖಾಲಿ ಸೀಟು, ತುದಿಯ ಎಲೆ, ಬೊಂಡ ಎಲ್ಲ ಒಟ್ಟಿಗೆ ಉರುಳಿದವು.

"ಅಯ್ಯೋ, ಅದು ನಾಯಿಗೆ ರಾಯರೇ! ಈ ಕೈಸರನಿಗೆ! ಹುಳುಕಡ್ಡಿಯಾಗಿತ್ತು!"

ರಾಯರು ನಾಯಿಯನ್ನು ನೋಡಿದರು. ಇಂಥ ಹೊಳೆಯುವ ಮೈ ಅವರು ಯಾವ ನಾಯಿಯಲ್ಲೂ ಕಂಡಿರಲಿಲ್ಲ.

"ಇದಕ್ಕಾ? ಪಂಕ್ತಿಯಲ್ಲಿ ನನಗೆ ಅಷ್ಟು ಹೇಳಿದವರು ನಾಯಿಗೆ ಎಣ್ಣೆ ತಿಕ್ಕಿದ್ರಿ ಅಂತ ನಾನು ನಂಬಬೇಕಾ?"

"ದೇವರಾಣೆ!" ಎಂದು ಮಾಷ್ಟ್ರು ಕೈ ಮೇಲೆತ್ತಿದರು. ಕೋಟಿನ ಸಡಿಲ ತೋಳು ಮೊಣಕೈಗೆ ಜಾರಿತು. ಮುಂಗೈಯಲ್ಲಿ ಕೆಂಪು ವೃತ್ತ ಎಲ್ಲರಿಗೂ ಕಂಡಿತು.

ರಾಯರು ಹಿಂದೆ ಸರಿದರು. ಅವರ ಕಣ್ಣು ಒದ್ದೆಯಾಯಿತು. ಒಳ್ಳೆಯವರ ಕನಿಕರಕ್ಕಿಂತ ಕೆಟ್ಟವರ ಬೈಗುಳವೇ ಎಷ್ಟೋ ವಾಸಿ.

"ಅಂಗಡಿಯಲ್ಲಿ ನಾಯಿಗೆ ಅಂತ ಹೇಳ್ಲಿಲ್ವಾ ನೀವು?" ವೆಂಕಟಲಕ್ಷ್ಮಿ ಗಂಡನನ್ನು ಕೇಳಿದರು. ಮಾಷ್ಟ್ರು ಕೋಟಿನ ತೋಳನ್ನು ಕೆಳಗೆಳೆದುಕೊಂಡರು. "ಜನ್ಮವಿಡೀ ಬೇಡದ ಮಾತು ಆಡಿದ ಬಾಯಿಗೆ ಬೇಕಾದ ಒಂದು ಮಾತು ಬರ್ಲಿಲ್ಲ ಅಲ್ವಾ?"

ಹೊರಟ ರಾಯರು ಮತ್ತೆ ತಿರುಗಿ ನಿಂತರು. ಹೇಳಲೋ ಬೇಡವೋ ಎಂದು ಶಾಲು ಎಳೆದುಕೊಂಡರು.

"ತಪ್ಪು ತಿಳಿಬೇಡಿ. ಇನ್ನು ಈ ಮನೆಯ ಕಷ್ಟದಲ್ಲಿ ಆ ನಾಯಿಯನ್ನು ನೋಡುವವರು ಯಾರು? ಎಷ್ಟು ಚಂದ ಉಂಟು. ನಮ್ಮಲ್ಲಿಗೆ ಕಳಿಸ್ತೀರಾ? ಉದಯನಿಗೂ ಅಂದೇ ಮನಸ್ಸಿಗೆ ಬಂದಿತ್ತು."

ಮಾಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ಸೌದಾಮಿನಿ ಒಳಗಿನಿಂದ ಬಂದಳು. ಎಲ್ಲವನ್ನೂ ಕೇಳಿದ್ದಳು. ಸೆರಗು ಜಾರಿತ್ತು, ಅದನ್ನವಳು ಸರಿಮಾಡಿಕೊಳ್ಳಲಿಲ್ಲ. ಕಂಬದಿಂದ ನಾಯಿಯ ಹಗ್ಗ ಬಿಚ್ಚಿ, ಅಂಗಳಕ್ಕಿಳಿದು, ರಾಯರ ಕಾಲಬಳಿ ಇಟ್ಟಳು.

"ಕೊಟ್ಟುಬಿಡಿ ಅಪ್ಪ," ಎಂದಳು. "ಈ ಮನೆಯಿಂದ ಅದಾದ್ರೂ ಆ ಮನೆ ಸೇರಲಿ."