ಬಾವಿಕಟ್ಟೆಯ ಮೇಲೊಂದು ತಪಾಸಣೆ

ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ಕುಂದಾಣದ ಬಳಿ ನನ್ನ ತಮ್ಮನ ತೋಟದ ಬಾವಿ. ಹಾಜರಿದ್ದವರು: ತಮ್ಮನ ಮಗಳು ಸಿಂಧು, ಅವಳ ಡೈವಿಂಗ್ ಜೊತೆಗಾರ್ತಿ ರೆಹಾನಾ, ಸಿಂಧುವಿನ ತಾಯಿ ಜಯಮ್ಮ, ಪಕ್ಕದ ತೋಟದ ಮುನಿಯಪ್ಪ, ಮತ್ತು ಸೈನ್ಯದ ವಿಶೇಷ ಪಡೆಯಿಂದ ಸುಬೇದಾರನಾಗಿ ನಿವೃತ್ತನಾದ ನಾನು. ಹೀಗೆ ಬರೆದುಕೊಳ್ಳದಿದ್ದರೆ ನನಗೆ ಯಾವ ಘಟನೆಯೂ ನಡೆದಂತೆ ಅನ್ನಿಸುವುದಿಲ್ಲ. ನಿವೃತ್ತನಾದವನು ಬಂದೂಕನ್ನು ಹಿಂದಿರುಗಿಸಿ ಬರುತ್ತಾನೆ, ಹಾಜರಿ ಕೂಗುವ ಚಟವನ್ನಲ್ಲ. ಇವರಿಗೆ ತಟ್ಟೆಯಲ್ಲಿ ಇಡ್ಲಿಯೂ ಸಾಲಾಗಿ ನಿಂತಿರಬೇಕು ಎಂದು ನನ್ನ ಹೆಂಡತಿ ನೆಂಟರ ಮುಂದೆ ದೂರುವುದುಂಟು.

ಸಿಂಧುವಿನದು ಟೆಕ್ನಿಕಲ್ ಡೈವಿಂಗ್. ಬಣ್ಣದ ಮೀನು ನೋಡಿ ಬರುವ ಪ್ರವಾಸಿಗರ ಮುಳುಗಾಟವಲ್ಲ. ಉಸಿರಾಟದ ಹಲವು ಸಿಲಿಂಡರು ಹೊತ್ತು ಬಹಳ ಆಳಕ್ಕೆ ಇಳಿಯಬೇಕು. ಗಾಬರಿಯಾಯಿತೆಂದು ಥಟ್ಟನೆ ಮೇಲೆ ಬರುವಂತಿಲ್ಲ, ಬಂದರೆ ಪ್ರಾಣಕ್ಕೇ ಕುತ್ತು. ನಡುನಡುವೆ ನಿಂತು ನಿಧಾನವಾಗಿ ಏಳಬೇಕು. ಅಂಡಮಾನಿನ ಕಡೆ ಮುಳುಗಿದ ಹಡಗೊಂದರ ಒಳಹೋಗುವ ತಂಡಕ್ಕೆ ಅವಳು ಆಯ್ಕೆಯಾಗಿದ್ದಳು. ಜಯಮ್ಮ ಒಪ್ಪಿರಲಿಲ್ಲ. ತಾಯಿಯನ್ನು ಅಳಿಸಿ ಹೋಗಲು ಮಗಳಿಗೆ ಮನಸ್ಸಿರಲಿಲ್ಲ. "ನಿಮ್ ದೊಡ್ಡಪ್ಪ ನೋಡಿ ಸರಿ ಅಂದ್ರೆ ಹೋಗು" ಎಂದು ಜಯಮ್ಮ ತೀರ್ಪನ್ನು ನನ್ನ ಹೆಗಲಿಗೆ ಹಾಕಿದಳು. ತೋಟದ ಪಂಪು ಕಳಚಿ ಬಾವಿಯ ತಳ ಸೇರಿತ್ತು. ಮುಳುಗಿ ಅದಕ್ಕೆ ಹಗ್ಗ ಕಟ್ಟಿ ಬರುವುದೇ ಪರೀಕ್ಷೆ ಎಂದು ನಾನು ಸಾರಿದೆ.

ಅವರ ತಯಾರಿ ನೋಡಿ ನನಗೆ ಎದೆಯುಬ್ಬಿತು. ಒಬ್ಬಳ ಪಟ್ಟಿಯನ್ನು ಇನ್ನೊಬ್ಬಳು ಎಳೆದು ನೋಡುವುದು, ಪ್ರತಿಯೊಂದಕ್ಕೂ ಬದಲಿ ಇಟ್ಟುಕೊಳ್ಳುವುದು, ಮಾತಿಲ್ಲದ ಕೈಸನ್ನೆ, ಎಲ್ಲವೂ ನಮ್ಮ ಪಡೆಯ ರೀತಿಯೇ.

"ಇದು ನಮ್ದೇ ಕೆಲ್ಸ ಕಣಮ್ಮ, ಸ್ವಲ್ಪ ನೆಂದಿದೆ ಅಷ್ಟೆ" ಎಂದೆ.

"ಒಂದು ವ್ಯತ್ಯಾಸ ಇದೆ ದೊಡ್ಡಪ್ಪ. ನಮ್ಮಲ್ಲಿ ಯಾರಾದ್ರೂ ಸಾಕು ಅಂದ್ರೆ ಅಲ್ಲಿಗೆ ಮುಗೀತು. ಯಾಕೆ ಅಂತ ಕೇಳೋ ಹಂಗಿಲ್ಲ."

"ಕಿರಿಯರು ಅಂದ್ರೂನಾ?"

"ನೆನ್ನೆ ಸೇರ್ಕೊಂಡೋರು ಅಂದ್ರೂನು."

ನನಗೆ ತಲೆ ತಿರುಗಿತು. ನಮ್ಮ ಪಡೆಯಲ್ಲಿ 'ಸಾಕು' ಎಂಬ ಮಾತು ಊಟದ ಪಂಕ್ತಿಯಲ್ಲೂ ಕೇಳಿಬರುತ್ತಿರಲಿಲ್ಲ. "ಹಂಗಾದ್ರೆ ಕೆಲ್ಸ ಮುಗ್ಸೋರ್ ಯಾರು?" ಎಂದೆ.

"ನಿಮ್ಗೆ ಅಲ್ಲಿ ಶತ್ರು ಕಾಯ್ತಾ ಇರ್ತಿದ್ದ. ನಮ್ ಹಡಗು ಎಲ್ಲಿಗೆ ಹೋಗತ್ತೆ ದೊಡ್ಡಪ್ಪ, ನಾಳೇನೂ ಅಲ್ಲೇ ಇರತ್ತೆ."

ಇಬ್ಬರೂ ಬಾವಿಯ ಕೊನೆಯ ಮೆಟ್ಟಿಲಿಗೆ ಇಳಿದರು. ಅಲ್ಲಿ ಸಿಂಧುವಿನ ಬದಲಿ ದೀಪ ಹತ್ತಿ ಆರಿತು. ತಟ್ಟಿದಳು, ಹತ್ತಿ ಮತ್ತೆ ಆರಿತು. "ಸಾಕು" ಎಂದಳು. ರೆಹಾನಾ ಕೂಡಲೇ ಮುಖವಾಡ ತೆಗೆದಳು.

"ದೊಡ್ಡ ದೀಪ ಉರೀತಿದೆಯಲ್ಲಮ್ಮ, ಒಂದ್ಸಲ ಮುಳುಗಿ ಬಂದ್ಬಿಡು" ಎಂದೆ ನಾನು.

ಮುನಿಯಪ್ಪ ಸುಮ್ಮನಿರುವ ಆಸಾಮಿಯಲ್ಲ. "ಏನ್ ಸುಬೇದಾರ್ರೆ, ನಿಮ್ ಪಡೆ ನೀರ್ ಮುಟ್ದೇನೆ ವಾಪಸ್ಸಾ? ನಮ್ಮೆಮ್ಮೆ ವಾಸಿ, ಕೆರೆ ಕಂಡ್ರೆ ಇಳೀತದೆ."

ನನ್ನ ಕಿವಿ ಬಿಸಿಯಾಯಿತು. ದೀಪವಿಲ್ಲದೆ ನದಿ ದಾಟಿದವನು ನಾನು ಎನ್ನುತ್ತ ಪ್ಯಾಂಟು ಮಡಚತೊಡಗಿದೆ. ಸಿಂಧು ಮಾತ್ರ ನಿಧಾನವಾಗಿ ಮೆಟ್ಟಿಲು ಹತ್ತಿ ಬಂದು ಮುನಿಯಪ್ಪನಿಗೆ, "ಎಮ್ಮೇನ ಕಳ್ಸು ತಾತ, ಹಗ್ಗ ನಾನ್ ಕೊಡ್ತೀನಿ" ಎಂದಳು.

ಮಡಚಿದ ಪ್ಯಾಂಟಿನಲ್ಲೇ ನಿಂತು ನಾನು ಜಯಮ್ಮನಿಗೆ ವರದಿ ಒಪ್ಪಿಸಿದೆ: "ಶಿಸ್ತು ಉತ್ತಮ. ಧೈರ್ಯ ಸಾಲದು."

ಅದುವರೆಗೆ ಸೆರಗಿನ ತುದಿ ಹಿಂಡುತ್ತ ನಿಂತಿದ್ದ ಜಯಮ್ಮ ಕಲ್ಲಿನ ಮೇಲೆ ಕೂತಳು. "ನೀವೂ ಮುನಿಯಪ್ಪನೂ ಇಷ್ಟು ಕೆಣಕಿದ್ರೂ ಬೇಡ ಅಂತ ಹತ್ತಿ ಬಂದ್ಲಲ್ಲ ಭಾವ. ಸಮುದ್ರದಲ್ಲೂ ಹಂಗೇ ಬರ್ತಾಳೆ. ಹೋಗ್ಲಿ ಬಿಡಿ."

ತೀರ್ಪು ನನ್ನದೇ ಎಂಬಂತೆ ಗಂಟಲು ಸರಿಮಾಡಿಕೊಂಡೆ. "ಅನುಮತಿ ಇದೆ. ಬೇಕಾದ್ರೆ ಮೇಲ್ವಿಚಾರಣೆಗೆ ನಾನೂ ಅಂಡಮಾನಿಗೆ ಹೋಗ್ಬರ್ತೀನಿ."

"ನೀವ್ ಹೋಗೋದಾದ್ರೆ ಅವ್ಳು ಹೋಗೋದ್ ಬೇಡ" ಎಂದಳು ಜಯಮ್ಮ.

ಆಮೇಲೆ ಹುಡುಗಿಯರು ಉಪ್ಪಿಟ್ಟಿಗೆ ಕೂತರು. ಸಿಲಿಂಡರುಗಳನ್ನು ಗಾಡಿಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂತು. ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ಅಲುಗದಂತೆ ಕಟ್ಟಿದೆ. ಸಿಂಧು ಬಂದು ಒಂದೊಂದು ಕಟ್ಟನ್ನೂ ಎಳೆದು ನೋಡಿ, "ಪರ್ವಾಗಿಲ್ಲ ದೊಡ್ಡಪ್ಪ, ಗಟ್ಟಿಯಾಗಿದೆ" ಎಂದಳು. ಆ ದಿನ ಮುಗಿದ ಕೊನೆಯ ಕೆಲಸ ಅದು. ಪರೀಕ್ಷೆ ಮಾಡಲೆಂದು ಹೋಗಿದ್ದ ನಾನು ಪಾಸಾಗಿ ಮನೆಗೆ ಬಂದೆ.