ಹೂಮಳೆ ಮಾಲ್‌ನ ಕಣ

ಜನವರಿಯಲ್ಲಿ ಬರಬಾರದ ಮಳೆ ಆ ಬೆಳಿಗ್ಗೆ ಬಂತು. ದಯಾನಂದನ ಗ್ರಹಚಾರಕ್ಕೆ ಅಷ್ಟೇ ಸಾಕಾಯಿತು.

ಮೂಡಿಗೆರೆಯ ಹೂಮಳೆ ಮಾಲ್‌ನಲ್ಲಿ ಬಾಗಿಲು ತೆರೆಯುವ ಅಂಗಡಿ ಎಂದು ಉಳಿದಿದ್ದು ಒಂದೇ, ಅವನ ಮ್ಯಾಚಿಂಗ್ ಸೆಂಟರ್. ಮಿಕ್ಕ ಮೂವತ್ತು ಶಟರುಗಳು ಹಲ್ಲುನೋವು ಬಂದವರ ಹಾಗೆ ಬಾಯಿ ಬಿಗಿದುಕೊಂಡಿದ್ದವು. ಎಸ್ಕಲೇಟರ್ ನಿಂತು ನಾಲ್ಕು ವರ್ಷವಾಗಿತ್ತು. ಈಗ ಹೊಸ ಕಂಪನಿಯೊಂದು ಮಾಲನ್ನು ಕೊಂಡಿತ್ತು, ಕೆಡವಿ ಹೊಸದು ಕಟ್ಟುವುದಾಗಿ ಹೇಳಿತ್ತು. ಗಿರಾಕಿಗಳಿರುವ ಅಂಗಡಿಗೆ ಮಾತ್ರ ಹೊಸ ಕಟ್ಟಡದಲ್ಲಿ ಜಾಗ. ನೋಡಿ ಬರೆದುಕೊಳ್ಳಲು ಕಂಪನಿಯ ಮ್ಯಾನೇಜರ್ ದಿಲೀಪ್ ಹನ್ನೆರಡಕ್ಕೆ ಬರುವವರಿದ್ದರು. ದಯಾನಂದನಿಗೋ, ಒಂದು ವಾರದಿಂದ ಬೋಣಿಯೇ ಆಗಿರಲಿಲ್ಲ.

ಒಂಬತ್ತಕ್ಕೆ ಮಾಲ್‌ನ ಹಿಂದೆಯೇ ಎರಡೆಕರೆ ತೋಟವಿದ್ದ ಸತ್ಯವತಿಯಮ್ಮ ಓಡಿಬಂದರು.

"ಕಣದಲ್ಲಿ ಒಣಗೋಕೆ ಹಾಕಿದ್ದ ಕಾಫಿಯೆಲ್ಲ ನೆಂದುಹೋಗ್ತಿದೆ ಮಾರಾಯ! ಎರಡು ಮೂಟೆ ಇಲ್ಲಿ ಹರಡ್ಲಾ?"

ದಯಾನಂದನ ತಲೆಯಲ್ಲಿ ದೀಪ ಹತ್ತಿತು. "ಹರಡಿ. ಆದ್ರೆ ಹನ್ನೆರಡಕ್ಕೆ ನನ್ನ ಅಂಗಡೀಲಿ ನಿಂತು ಬ್ಲೌಸ್ ಪೀಸ್ ನೋಡ್ಬೇಕು. ಇನ್ನಿಬ್ರನ್ನೂ ಕರ್ಕೊಂಡು ಬನ್ನಿ."

"ಇಬ್ರೇ ಸಾಕಾ?" ಎಂದರು ಆಕೆ. ಆ ಪ್ರಶ್ನೆಗೇ ಅವನು ಹೆದರಬೇಕಿತ್ತು.

ಹತ್ತಕ್ಕೆ ಮೂರು ಜೀಪು ಬಂದವು, ಹನ್ನೊಂದಕ್ಕೆ ಒಂದು ಟ್ರ್ಯಾಕ್ಟರು. ಮಳೆಯ ದಿನ ಒಣನೆಲ ಖಾಲಿಯಿದೆ ಎಂದು ಕೇಳಿದ ಮೇಲೆ ಯಾವ ಬೆಳೆಗಾರ ಮನೆಯಲ್ಲಿ ಕೂತಾನು? ನೆಲಮಹಡಿ ತುಂಬಿತು, ಮೊದಲ ಮಹಡಿ ತುಂಬಿತು, ಎಸ್ಕಲೇಟರಿನ ಮೆಟ್ಟಿಲು ಮೆಟ್ಟಿಲಿಗೂ ಕಾಳುಮೆಣಸು ಕೂತಿತು. ನಿವೃತ್ತ ಮೇಷ್ಟ್ರು ಕೃಷ್ಣಯ್ಯ ಮನೆಯ ಫ್ಯಾನು ಹೊತ್ತು ತಂದು, "ಪ್ಲಗ್ ಎಲ್ಲಪ್ಪಾ?" ಎಂದು ಅವನನ್ನೇ ಕೇಳಿದರು. ಕೊನೆಗೆ ಅವನ ಗಾಜಿನ ಕೌಂಟರಿನ ಮೇಲೂ ಯಾರೋ ಕಾಫಿ ಸುರಿದರು.

"ಅಯ್ಯೋ, ಗಿರಾಕಿ ಎಲ್ಲಿ ನಿಲ್ಬೇಕು!" ಎಂದು ದಯಾನಂದ ನುಗ್ಗಿದ.

"ತುಳೀಬೇಡ್ರೀ!" ಎಂದು ಹತ್ತು ಜನ ಒಟ್ಟಿಗೇ ಗದರಿದರು. ಅವನು ಎತ್ತಿದ ಕಾಲನ್ನು ಎಲ್ಲಿಡುವುದೆಂದು ತಿಳಿಯದೆ ಕೊಕ್ಕರೆಯಂತೆ ನಿಂತ.

ಅದೇ ಹೊತ್ತಿಗೆ ದಿಲೀಪ್ ಬಂದರು. ಬಂದವರು ಬಾಗಿಲಲ್ಲೇ ಕಲ್ಲಾದರು. ಸತ್ಯವತಿಯಮ್ಮ ತಾವು ಕೊಟ್ಟಿದ್ದ ಮಾತು ನೆನಪಿಸಿಕೊಂಡು, ಕೈಗೆ ಸಿಕ್ಕ ಬ್ಲೌಸ್ ಪೀಸ್ ಎತ್ತಿ ಹಿಡಿದು, "ಇದಕ್ಕೆ ಮ್ಯಾಚಿಂಗ್ ಸೀರೆ ಇದೆಯಾ?" ಎಂದು ಕೂಗಿದರು.

ದಿಲೀಪ್ ಅತ್ತ ನೋಡಲೇ ಇಲ್ಲ. "ಯಾರ್ ಐಡಿಯಾ ಇದು?"

ಊರಿಗೆ ಊರೇ ಪ್ರೀತಿಯಿಂದ ಬೆರಳು ತೋರಿಸಿತು. "ದಯಾನಂದಂದು ಸಾರ್!"

ದಿಲೀಪ್ ಹೊರಗೆ ಹೋಗಿ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿದರು. ದಯಾನಂದ ಅಷ್ಟರಲ್ಲಿ ಗೊತ್ತಿರುವ ದೇವರಿಗೆಲ್ಲ ಹರಕೆ ಹೊತ್ತು ಮುಗಿಸಿದ್ದ. ವಾಪಸು ಬಂದ ದಿಲೀಪ್ ಅವನ ಎರಡೂ ಕೈ ಹಿಡಿದು ಕುಲುಕಿದರು.

"ಈ ಊರಲ್ಲಿ ಏನು ಕಟ್ಟಿದ್ರೆ ಜನ ಬರ್ತಾರೆ ಅಂತ ಮೂರು ತಿಂಗಳಿಂದ ತಲೆ ಕೆಡಿಸ್ಕೊಂಡಿದ್ವಿ. ನೀವು ಒಂದೇ ಬೆಳಿಗ್ಗೇಲಿ ತೋರಿಸ್ಬಿಟ್ರಿ! ಕೆಡವೋದೂ ಬೇಡ. ಒಳಗಿನ ಗೋಡೆ ಒಡೆದು ಪೂರ್ತಿ ಬಿಲ್ಡಿಂಗನ್ನ ಬಾಡಿಗೆ ಕಣ ಮಾಡ್ತೀವಿ."

"ಸಾರ್, ನನ್ನ ಅಂಗಡಿ?"

"ಅಂಗಡಿ ಯಾವ್ದೂ ಇರಲ್ಲ. ತಿಂಗಳೊಳಗೆ ಖಾಲಿ ಮಾಡ್ಕೊಡಿ. ತುಂಬಾ ಥ್ಯಾಂಕ್ಸ್!"

ಜನ ಚಪ್ಪಾಳೆ ತಟ್ಟಿದರು. ಸತ್ಯವತಿಯಮ್ಮ ದಯಾನಂದನ ಹತ್ತಿರ ಬಂದು ಬೆನ್ನು ಸವರಿ, ಮೆಲ್ಲಗೆ ಕೇಳಿದರು:

"ಇವತ್ತೇ ಖಾಲಿ ಮಾಡ್ತೀಯಾ ಮಾರಾಯ? ಹೊರಗೆ ಇನ್ನೂ ನಾಲ್ಕು ಮೂಟೆ ನೆನೀತಿದೆ."